ಷರತ್ತು ಬರೆಯದ ಪಾಲು

ಬಿದ್ದ ಮನೆಯ ಮುಂದೆ ಹಾಕುವ ರಂಗೋಲಿಯನ್ನು ನಾನು ಎಷ್ಟು ಜನರಿಗೆ ಹಾಕಿಕೊಟ್ಟಿದ್ದೇನೋ ಲೆಕ್ಕವಿಲ್ಲ. ಕಷ್ಟದ ರಂಗೋಲಿಯೇನಲ್ಲ. ಒಂದು ದುಂಡು. ಒಳಗೆ ಚುಕ್ಕಿಯಿಲ್ಲ, ಎಳೆಯಿಲ್ಲ, ಬಣ್ಣವಿಲ್ಲ, ಖಾಲಿ. ದಾರಿಯಲ್ಲಿ ಹೋಗುವವರು ಅದನ್ನು ನೋಡಿ, ಇಲ್ಲೊಂದು ಮನೆ ಇತ್ತು, ಇವತ್ತು ಇಲ್ಲ, ಸಂಜೆಗೆ ಬರುತ್ತದೆ ಅಂತ ತಿಳಿದುಕೊಳ್ಳಬೇಕು, ಅಷ್ಟೇ. ಅಷ್ಟಕ್ಕೇ ನಾನು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಬೀದಿಗೆಲ್ಲ ಕಾಣುವ ಹಾಗೆ ಗತ್ತಿನಿಂದ ಹಾಕುತ್ತಿದ್ದೆ. ಯಾಕೆಂದರೆ ನನ್ನ ಮನೆ ಒಂದು ಸಲವೂ ಬಿದ್ದಿರಲಿಲ್ಲ.

ನಮ್ಮೂರಿಗೆ ಇರುವುದು ಒಂದೇ ಬೀದಿ, ಅದಕ್ಕೆ ಒಂದೇ ಸಾಲು ಮನೆಗಳು. ಒಂದನೇ ಮನೆಯಿಂದ ಶುರುವಾಗಿ ನಂಬರುಗಳು ಓಡುತ್ತವೆ. ಅಮಾವಾಸ್ಯೆ ಕಳೆದ ಮರುದಿನ ನಮಗೆ ಪಾಲಿನ ದಿನ. ಮೇಲಿನ ಕೆರೆಯವರು ಒಂದು ಫಲನ ಕಳಿಸುತ್ತಾರೆ, ಕೆಳಗಿನ ಕೆರೆಯವರು ಒಂದು. ಫಲನವೆಂದರೆ, ಎಕ್ಸ್ ಇರುವ ಕಡೆ ಮನೆಯ ನಂಬರು ಹಾಕಿದರೆ ಒಂದು ಬೆಲೆ ಕೊಡುವ ಲೆಕ್ಕ. ಮೇಲಿನ ಕೆರೆಯದು ಅಂಶ, ಕೆಳಗಿನದು ಛೇದ. ಒಂದನ್ನು ಇನ್ನೊಂದರಿಂದ ಭಾಗಿಸಿ, ಬಂದದ್ದನ್ನು ಬಾವಿಯ ಪಕ್ಕದ ಕಪ್ಪು ಕಲ್ಲಿನ ಮೇಲೆ ಬರೆದಿಟ್ಟರೆ, ಹೊತ್ತು ಹುಟ್ಟುವಾಗ ಪ್ರತಿ ಮನೆಯ ತೊಟ್ಟಿಗೂ ಅಷ್ಟಷ್ಟು ಕೊಡ ನೀರು ಬಂದು ನಿಲ್ಲುತ್ತದೆ. ಯಾವ ಮನೆಯ ನಂಬರಿಗೆ ಛೇದ ಸೊನ್ನೆಯಾಗುತ್ತದೋ ಆ ಮನೆಗೆ ಉತ್ತರವಿಲ್ಲ. ಉತ್ತರವಿಲ್ಲದ ಮನೆ ಅವತ್ತು ಬೀದಿಯಲ್ಲಿ ಇರುವುದಿಲ್ಲ; ಇದಕ್ಕೇ ನಾವು ಮನೆ ಬೀಳುವುದು ಅನ್ನುವುದು. ಸಂಜೆ ಕಲ್ಲು ಒರೆಸಿ ದೀಪ ಹಚ್ಚಿದ ಮೇಲೆ ಬರುತ್ತದೆ.

ಇದರಲ್ಲಿ ಹೆದರುವಂಥದ್ದೇನೂ ಇಲ್ಲ. ಯಾವ ಮನೆ ಬೀಳುತ್ತದೆ ಅಂತ ಹಿಂದಿನ ದಿನವೇ ಡಂಗುರ ಸಾರುತ್ತಾರೆ. ಆ ಮನೆಯವರು ಬೆಳಕು ಹರಿಯುವ ಮೊದಲೇ ಮಕ್ಕಳು ಮರಿ, ಎಮ್ಮೆ ಕರು, ಉಪ್ಪಿನಕಾಯಿ ಜಾಡಿ ಸಮೇತ ಪಕ್ಕದ ಮನೆಯ ಜಗಲಿಗೆ ಬಂದು ಕೂರುತ್ತಾರೆ. ಪಕ್ಕದವರು ಚಾಪೆ ಹಾಸಿ, ಅವರಿಗೇ ಮೊದಲು ಎಲೆ ಹಾಕುತ್ತಾರೆ. ಇದು ನಮ್ಮೂರ ಪದ್ಧತಿ. ಯಾರೂ ಇದನ್ನು ಅವಮಾನ ಅಂದುಕೊಂಡವರಿಲ್ಲ. ನಾನೊಬ್ಬಳೇ ಅಂದುಕೊಂಡಿದ್ದು.

ಪಾಲು ಮಾಡುತ್ತಿದ್ದವರು ನನ್ನ ಯಜಮಾನರು, ಚೆಲುವಯ್ಯ ಮೇಷ್ಟ್ರು. ಊರಲ್ಲಿ ಕೂಡಿಸಿ ಕಳೆಯಲು ಬರುವ ಪ್ರತಿಯೊಬ್ಬರೂ ಅವರ ಕೈಲೇ ಕಲಿತವರು. ಬೇರೇನು ಮರೆತರೂ ಅವರು ಹೇಳಿಕೊಟ್ಟ ಒಂದು ಪಾಠವನ್ನು ಯಾರೂ ಮರೆತಿಲ್ಲ. ಮೊದಲು ಎರಡೂ ಕೆರೆ ಯಾವ ಯಾವ ಮನೆ ಮುಟ್ಟುತ್ತವೆ ನೋಡು. ಎರಡೂ ಮುಟ್ಟುವ ಮನೆಗಳನ್ನಷ್ಟೇ ಇಟ್ಟುಕೋ. ಅವುಗಳಲ್ಲಿ ಛೇದ ಸೊನ್ನೆಯಾಗುವ ಮನೆಯನ್ನು ಬಿಡು. ಉಳಿದದ್ದೇ ಉತ್ತರದ ಪ್ರಾಂತ, ಅಂದರೆ ಉತ್ತರ ಸಲ್ಲುವ ಮನೆಗಳು. ಅದನ್ನು ಬರೆದಿಟ್ಟುಕೊಂಡ ಮೇಲೆ, ಆಮೇಲೆ ಮಾತ್ರ, ಮೇಲೆ ಕೆಳಗೆ ಸಮ ಇರುವುದನ್ನು ಹೊಡೆದುಹಾಕು. ನಮ್ಮ ಜಗಲಿಗೆ ಪಾಠಕ್ಕೆ ಬರುತ್ತಿದ್ದ ಮಕ್ಕಳು ಇದನ್ನು ಮಗ್ಗಿಯ ಹಾಗೆ ರಾಗವಾಗಿ ಹೇಳುತ್ತಿದ್ದವು. ಅಡುಗೆಮನೆಯಲ್ಲಿ ಕೇಳಿ ಕೇಳಿ ನನಗೂ ಬಾಯಿಪಾಠವಾಗಿತ್ತು.

ಏಳನೇ ಮನೆ ನಮ್ಮದು. ಮೇಷ್ಟ್ರ ಮನೆ ಬೀಳುವುದೇ ಇಲ್ಲ, ಮೇಷ್ಟ್ರು ಏನೋ ಕೈಚಳಕ ಮಾಡುತ್ತಾರೆ ಅಂತ ಜನ ತಮಾಷೆ ಮಾಡುತ್ತಿದ್ದರು. ಅವರಿಗೆ ಆ ಮಾತು ಕೇಳಿದರೆ ಮುಖ ಸಣ್ಣಗಾಗುತ್ತಿತ್ತು. 'ಛೇದ ಕಳಿಸೋರು ಕೆಳಗಿನ ಕೆರೆಯೋರು, ನಾನೇನು ಮಾಡಲಿ' ಅನ್ನುತ್ತಿದ್ದರು. ನನಗೆ ಮಾತ್ರ ಒಳಗೊಳಗೇ ಖುಷಿ. ಒಮ್ಮೆ ಎಂಟನೇ ಮನೆಯ ದೊಡ್ಡತಾಯಮ್ಮನ ಮನೆ ಬಿದ್ದು, ಅವಳು ಚಾಪೆ ಸುತ್ತಿಕೊಂಡು ನಮ್ಮ ಜಗಲಿಗೆ ಬಂದಾಗ, 'ಬನ್ನಿ ಬನ್ನಿ, ನಮ್ಮ ಜಗಲಿ ಇರೋದೇ ನಿಮ್ಮಂಥೋರಿಗೆ ತಾನೆ' ಅಂದಿದ್ದೆ. ಅವಳು ನಕ್ಕು ಕೂತುಕೊಂಡಳು. ಆ ನಗುವಿನ ಅರ್ಥ ತಿಳಿದುಕೊಳ್ಳುವ ತೊಂದರೆಯನ್ನು ನಾನು ತೆಗೆದುಕೊಳ್ಳಲಿಲ್ಲ.

ಹೋದ ಕಾರ್ತೀಕದಲ್ಲಿ ಮೇಷ್ಟ್ರು, ಸಾಕು, ಇನ್ನು ಪಾಲಿನ ಕೆಲಸ ವನಜಾಕ್ಷಿ ನೋಡಿಕೊಳ್ಳಲಿ ಅಂದರು. ವನಜಾಕ್ಷಿ ಅವರ ಶಿಷ್ಯೆ, ಈಗ ಶಾಲೆಯಲ್ಲಿ ಅವಳೇ ಟೀಚರು. ಊರವರೆಲ್ಲ ಸೇರಿ ಮೇಷ್ಟ್ರಿಗೆ ಸನ್ಮಾನ ಮಾಡಬೇಕೆಂದು ತೀರ್ಮಾನ ಮಾಡಿದರು. ಪಾಲಿನ ದಿನ ಎಲ್ಲರಿಗೂ ಬಿಡುವು. ಅವತ್ತೇ, ಅವರ ಕೊನೆಯ ಪಾಲಿನ ದಿನವೇ, ವಾಲಗದ ಸಮೇತ ಮನೆ ಬಾಗಿಲಿಗೇ ಬಂದು ಶಾಲು ಹೊದಿಸುತ್ತೇವೆ ಅಂದರು. ನಾನು ಹಿಗ್ಗಿಹೋದೆ. ಪೆಟ್ಟಿಗೆಯ ತಳದಿಂದ ರೇಷ್ಮೆ ಸೀರೆ ತೆಗೆದು ಬಿಸಿಲಿಗೆ ಹಾಕಿದೆ. ಕೇಸರಿಬಾತಿಗೆ ರವೆ ಹುರಿದಿಟ್ಟೆ. ಬಾಗಿಲಿಗೆ ಹೊಸದಾಗಿ ಬಣ್ಣ ಬಳಿಸಿದೆ.

ಪಾಲಿನ ಹಿಂದಿನ ಸಂಜೆ ಮೇಷ್ಟ್ರು ಜಗಲಿಯ ಮೇಲೆ ಸ್ಲೇಟು ಹಿಡಿದು ಕೂತಿದ್ದರು. ನಾನು ಕಾಫಿ ಕೊಡಲು ಹೋದಾಗ ತಲೆಯೆತ್ತಿ, 'ಈ ಸಲ ನಮ್ಮದು ಕಣೇ ತಿಮ್ಮಾಜಿ' ಅಂದರು.

'ಏನು ನಮ್ಮದು?'

'ಮನೆ. ಕೆಳಗಿನ ಕೆರೆಯೋರು ಎಕ್ಸ್ ಮೈನಸ್ ಏಳು ಕಳಿಸಿದ್ದಾರೆ. ಏಳಕ್ಕೆ ಸೊನ್ನೆ. ಒಳ್ಳೇದೇ ಆಯ್ತು ಬಿಡು, ಊರೋರ ಆ ತಮಾಷೆನಾದ್ರೂ ನಿಲ್ಲುತ್ತೆ. ಬೆಳಿಗ್ಗೆ ಚಾಪೆ ತಗೊಂಡು ದೊಡ್ಡತಾಯಮ್ಮನ ಜಗಲಿಗೆ ಹೋಗೋಣ. ಶಾಲು ಅಲ್ಲೇ ಹೊದಿಸಲಿ.'

ಅವರ ಮುಖದಲ್ಲಿ ಸಮಾಧಾನವಿತ್ತು. ಅದನ್ನು ನೋಡಿ ನನಗೆ ಇನ್ನೂ ಉರಿದುಹೋಯಿತು. ಊರಿಗೆ ಊರೇ ವಾಲಗ ಊದಿಕೊಂಡು ಬರುವ ದಿನ ನಾನು ಆ ದೊಡ್ಡತಾಯಮ್ಮನ ಜಗಲಿಯ ಮೇಲೆ, ಅವಳ ಚಾಪೆಯ ಮೇಲೆ ಕೂರಬೇಕೇ? ನನ್ನ ಬಾಗಿಲ ಮುಂದೆ ಅವಳು ಆ ಖಾಲಿ ದುಂಡು ಹಾಕಬೇಕೇ?

'ಆಗಲ್ಲ' ಅಂದೆ. ಅವರ ಕೈಯಿಂದ ಸ್ಲೇಟು ಕಿತ್ತುಕೊಂಡು ನೋಡಿದೆ. ಮೇಲಿನ ಕೆರೆಯವರದು ಎಕ್ಸ್ ವರ್ಗ ಮೈನಸ್ ನಲವತ್ತೊಂಬತ್ತು. ಅದನ್ನು ಅವರು ಆಗಲೇ ಬಿಡಿಸಿ, ಎಕ್ಸ್ ಮೈನಸ್ ಏಳು, ಎಕ್ಸ್ ಪ್ಲಸ್ ಏಳು ಅಂತ ಎರಡು ಕಂಸ ಮಾಡಿ ಬರೆದಿದ್ದರು. ನನಗೆ ಅಷ್ಟು ಗೊತ್ತಾಗುತ್ತದೆ. 'ಇಲ್ಲಿ ನೋಡಿ, ಮೇಲೂ ಅದೇ ಇದೆ, ಕೆಳಗೂ ಅದೇ ಇದೆ. ಹೊಡೆದುಹಾಕ್ರಿ! ಎಕ್ಸ್ ಪ್ಲಸ್ ಏಳು ಉಳೀತು. ಅದಕ್ಕೆ ಛೇದನೇ ಇಲ್ಲ. ನಮ್ಮ ಮನೆಗೆ ಹದಿನಾಲ್ಕು ಕೊಡ ನೀರು. ಮುಗೀತಲ್ಲ!'

ಅವರು ನಕ್ಕರು. ನಾನೂ ಒಬ್ಬ ವಿದ್ಯಾರ್ಥಿನಿ ಅನ್ನುವ ಹಾಗೆ ಮೆತ್ತಗೆ ಹೇಳಿದರು. 'ಹೊಡೆದುಹಾಕ್ತೀನಿ. ಹೊಡೆದುಹಾಕಿದ್ರೂ ಪಕ್ಕದಲ್ಲಿ ಷರತ್ತು ಬರೀಬೇಕು ಕಣೇ, ಎಕ್ಸ್ ಏಳು ಆಗಬಾರದು ಅಂತ.'

'ಬರೀಬೇಡಿ.'

'ಬರೀದೇ ಇದ್ರೂ ಅದು ಇರುತ್ತೆ. ಭಾಗಿಸೋ ಹೊತ್ತಿಗೆ ಸೊನ್ನೆ ಇತ್ತಲ್ಲ. ಆಮೇಲೆ ಅಳಿಸಿದ್ರೆ ಇರಲೇ ಇಲ್ಲ ಅಂತ ಆಗುತ್ತಾ? ಬರೆದದ್ದು ಚೊಕ್ಕ ಆಗುತ್ತೆ ಅಷ್ಟೇ, ಮನೆ ಉಳಿಯಲ್ಲ.'

'ಯಾರಾದ್ರೂ ಮಾಡಿ ನೋಡಿದ್ದಾರಾ?'

ಅವರು 'ಇಲ್ಲ' ಅಂದರು. ಅವರದು ಅದೇ ಒಂದು ಕಷ್ಟ. ಸುಳ್ಳು ಹೇಳಿ ತಪ್ಪಿಸಿಕೊಳ್ಳಲೂ ಬರುವುದಿಲ್ಲ.

'ಮತ್ತೆ! ಕಲ್ಲಿನ ಮೇಲೆ ಬರೆದದ್ದೇ ಆಗೋದು ಈ ಊರಲ್ಲಿ. ಷರತ್ತಿಲ್ಲ ಅಂದ್ರೆ ಷರತ್ತಿಲ್ಲ. ಬೇರೆ ಯಾರಿಗೇನು ನಷ್ಟ ಇದರಿಂದ?'

'ಯಾರಿಗೂ ಇಲ್ಲ. ಆದ್ರೆ ಪ್ರಾಂತ ಹೇಳದೇ ಉತ್ತರ ಬರೆದರೆ ಅದು ಉತ್ತರ ಅಲ್ಲ. ನಾನೇ ಹಾಗೆ ಬರೆದರೆ ಮಕ್ಕಳಿಗೆ ಏನು ಮುಖ ತೋರಿಸ್ಲಿ?'

ಇಷ್ಟಕ್ಕೆ ನಾನು ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. ಮುಂದಿನ ಮಾತನ್ನು ಬರೆಯಲು ಈಗಲೂ ನಾಚಿಕೆಯಾಗುತ್ತದೆ. 'ಮಕ್ಕಳಿಲ್ಲದ ಮನೆ ಅಂತ ಊರೋರ ಬಾಯಲ್ಲಿ ಅನ್ನಿಸ್ಕೊಂಡಿದ್ದಾಯ್ತು. ಈಗ ಇರೋ ಮನೆನೂ ಇಲ್ಲ ಅನ್ನಿಸ್ಕೋಬೇಕಾ ನಾನು? ಊರಿಗೆಲ್ಲ ಹಂಚಿದ್ರಿ, ನನಗೇನು ಕೊಟ್ರಿ ನೀವು?' ಅಂದೆ. ಆ ವಿಷಯ ನಮ್ಮಿಬ್ಬರ ನಡುವೆ ಎಂದೂ ಬರುತ್ತಿರಲಿಲ್ಲ. ಅದನ್ನು ಮುಟ್ಟಬಾರದೆಂದು ಇಬ್ಬರಿಗೂ ಗೊತ್ತಿತ್ತು. ಮುಟ್ಟಿದರೆ ಅವರು ಸೋಲುತ್ತಾರೆಂದು ನನಗೊಬ್ಬಳಿಗೆ ಗೊತ್ತಿತ್ತು.

ಅವರು ಕಾಫಿ ಕುಡಿಯಲಿಲ್ಲ. ಎದ್ದು ಕೋಟು ಹಾಕಿಕೊಂಡು, ಗೂಡಿನಲ್ಲಿದ್ದ ಸೀಮೆಸುಣ್ಣ ತೆಗೆದುಕೊಂಡು ಬಾವಿಯ ಕಡೆ ಹೋದರು. ಸ್ವಲ್ಪ ಹೊತ್ತಿಗೆ ಡಂಗುರ ಕೇಳಿಸಿತು. 'ಈ ಸಲ ಯಾವ ಮನೆಯೂ ಬೀಳೋದಿಲ್ಲ! ಎಲ್ಲಾ ಮನೆಗೂ ಪಾಲು!' ಬೀದಿಯಲ್ಲಿ ಜನ ಚಪ್ಪಾಳೆ ತಟ್ಟಿದರು. ಮೇಷ್ಟ್ರ ಕೊನೆಯ ಪಾಲಿಗೆ ಒಂದು ಮನೆಯೂ ಬೀಳುವುದಿಲ್ಲ, ಎಂಥ ಪುಣ್ಯವಂತರು ಅಂದರು. ದೊಡ್ಡತಾಯಮ್ಮ ಬಾಗಿಲಿಗೇ ಬಂದು ನನ್ನ ಎರಡೂ ಕೈ ಹಿಡಿದುಕೊಂಡು ಹೋದಳು. ಮೇಷ್ಟ್ರು ಬಂದವರು ಕೋಟು ಕಳಚಿ, ಊಟ ಬೇಡವೆಂದು ಮಲಗಿಬಿಟ್ಟರು.

ಬೆಳಿಗ್ಗೆ ಎದ್ದು ಹಿತ್ತಲಿಗೆ ಹೋಗಿ ತೊಟ್ಟಿ ನೋಡಿದೆ. ಒಣಗಿತ್ತು. ತಡವಾಗಿರಬೇಕು ಅಂದುಕೊಂಡೆ. ಹಿಂದಿನ ದಿನದ ನೀರು ಹಂಡೆಯಲ್ಲಿತ್ತು. ಅದರಲ್ಲೇ ಸ್ನಾನ ಮುಗಿಸಿ, ಸೀರೆ ಉಟ್ಟು, ಕೇಸರಿಬಾತು ಉಪ್ಪಿಟ್ಟು ಎರಡನ್ನೂ ಮಾಡಿ ಮುಚ್ಚಿಟ್ಟೆ. ಮೇಷ್ಟ್ರು ಬಿಳಿ ಪಂಚೆ ಉಟ್ಟು ನಡುಮನೆಯ ಕುರ್ಚಿಯಲ್ಲಿ ಕೂತಿದ್ದರು. ಬಾಗಿಲು ತೆಗೆದರೆ ಬೀದಿ ಎಂದಿನಂತೆಯೇ ಕಾಣುತ್ತಿತ್ತು. ದೊಡ್ಡತಾಯಮ್ಮ ತನ್ನ ಮನೆ ಮುಂದೆ ನೀರು ಚಿಮುಕಿಸುತ್ತಿದ್ದಳು.

'ತಾಯಮ್ಮಾ, ನಿಮ್ಮ ತೊಟ್ಟಿಗೆ ನೀರು ಬಂತಾ?' ಅಂತ ಕೂಗಿದೆ.

ಅವಳು ತಿರುಗಲಿಲ್ಲ. ಇನ್ನೊಮ್ಮೆ ಗಟ್ಟಿಯಾಗಿ ಕೂಗಿದೆ. ಅವಳು ತಲೆಯೆತ್ತಿ ನನ್ನ ಕಡೆಗೇ ನೋಡಿದಳು, ಆದರೆ ನನ್ನನ್ನಲ್ಲ. ಆರನೇ ಮನೆಯವಳನ್ನು ಮಾತಾಡಿಸಿ, 'ನಮಗೆ ಹದಿನೈದು ಕೊಡ ಬಂತು ನೋಡೇ, ನಿಮಗೆ?' ಅಂದಳು. 'ಹದಿಮೂರು' ಅಂತ ಅವಳ ಉತ್ತರ. ತಮ್ಮಿಬ್ಬರ ಗೋಡೆಗಳ ನಡುವೆ ಒಂದು ಮನೆ ಇದೆಯೆಂದು ಇಬ್ಬರಿಗೂ ಅನ್ನಿಸಲಿಲ್ಲ. ನಾನು ಸಿಟ್ಟಿನಿಂದ ಹೊಸಿಲು ದಾಟಿ ಬೀದಿಗೆ ಕಾಲಿಟ್ಟೆ. ನೋಡಿದರೆ ನಡುಮನೆಯಲ್ಲೇ ನಿಂತಿದ್ದೆ. ಮತ್ತೆ ದಾಟಿದೆ, ಮತ್ತೆ ನಡುಮನೆ.

'ಬಾ ಕೂತ್ಕೋ' ಅಂದರು ಮೇಷ್ಟ್ರು. 'ಸಂಜೆ ತನಕ ಹೀಗೇ.'

'ನಿಮಗೆ ಗೊತ್ತಿತ್ತು!'

'ಹೇಳಿದ್ನಲ್ಲ' ಅಂದರು. ದನಿಯಲ್ಲಿ ಕೋಪವಿರಲಿಲ್ಲ. ಒಂದು ಸಲ ಬೈದುಬಿಟ್ಟಿದ್ದರೆ ನಾನೂ ತಿರುಗಿ ಬೈದು ಹಗುರಾಗುತ್ತಿದ್ದೆ.

ಹೊತ್ತೇರಿದ ಮೇಲೆ ವಾಲಗ ಕೇಳಿಸಿತು. ಊರೆಲ್ಲ ಹೊಸ ಬಟ್ಟೆ ಹಾಕಿಕೊಂಡು ಬರುತ್ತಿತ್ತು. ಮುಂದೆ ವನಜಾಕ್ಷಿ, ಕೈಯಲ್ಲಿ ತಟ್ಟೆ, ತಟ್ಟೆಯಲ್ಲಿ ಶಾಲು, ಸೇವಂತಿಗೆ ಹಾರ, ಹಣ್ಣು. ನಾನು ಬಾಗಿಲಲ್ಲಿ ನಿಂತೆ. ಮೇಷ್ಟ್ರು ಕುರ್ಚಿಯಿಂದ ಏಳಲಿಲ್ಲ. ಮೆರವಣಿಗೆ ನಾಲ್ಕನೇ ಮನೆ ದಾಟಿತು, ಐದು ದಾಟಿತು, ಆರರ ಮುಂದೆ ಬಂದು, ಎಲ್ಲೂ ತಡೆಯದೆ ಎಂಟರ ಮುಂದಕ್ಕೆ ಹೋಯಿತು. ವಾಲಗದವನ ಊದುವಿಕೆ ಕೂಡ ತಪ್ಪಲಿಲ್ಲ. ವನಜಾಕ್ಷಿಯ ಸೀರೆಯ ಅಂಚು ನನ್ನ ಕಣ್ಣೆದುರೇ ಹಾದುಹೋಯಿತು. ಬೀದಿಯ ಕೊನೆ ತನಕ ಹೋಗಿ ತಿರುಗಿ ಬಂದರು. ಮತ್ತೆ ಹೋದರು. ಮೂರನೆಯ ಸಲ ಬರುವಾಗ ವಾಲಗ ನಿಂತಿತ್ತು.

'ಮೇಷ್ಟ್ರ ಮನೆ ಎಲ್ರೋ?' ಅಂತ ಯಾರೋ ಕೇಳಿದರು. ಒಂದಿಬ್ಬರು ನಕ್ಕರು. ಆಮೇಲೆ ನಗು ನಿಂತಿತು. ದೊಡ್ಡತಾಯಮ್ಮ ತನ್ನ ಗೋಡೆಯನ್ನು ಕೈಯಿಂದ ತಡವುತ್ತಾ, 'ಇಲ್ಲೇ ಇತ್ತಲ್ರಪ್ಪಾ, ದಿನಾ ನೋಡ್ತೀನಿ' ಅಂತ ಅಳುವ ದನಿಯಲ್ಲಿ ಹೇಳಿದಳು. 'ಏನಾಯ್ತು ಅವರಿಗೆ? ತಿಮ್ಮಾಜಮ್ಮಾ! ಏ ತಿಮ್ಮಾಜಮ್ಮಾ!' ನಾನು ಅವಳಿಂದ ಒಂದು ಮಾರು ದೂರದಲ್ಲಿ ನಿಂತು, ಇಲ್ಲಿದ್ದೀನಿ ಕಣೇ, ಇಲ್ಲಿದ್ದೀನಿ ಅಂತ ಗಂಟಲು ಹರಿಯುವಂತೆ ಕೂಗುತ್ತಿದ್ದೆ.

ವನಜಾಕ್ಷಿ ತಟ್ಟೆಯನ್ನು ಪಕ್ಕದವರ ಕೈಗಿಟ್ಟು ಬಾವಿಯ ಕಡೆ ಓಡಿದಳು. ವಾಪಸು ಬರುವಾಗ ನಿಧಾನವಾಗಿ ಬಂದಳು. ಅವಳ ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು.

'ಏನಮ್ಮ?' ಅಂದರು ಯಾರೋ ಹಿರಿಯರು.

'ಕಲ್ಲಿನ ಮೇಲೆ ಎಕ್ಸ್ ಪ್ಲಸ್ ಏಳು ಅಂತ ಮಾತ್ರ ಇದೆ. ಕೆರೆಯೋರು ಕಳಿಸಿದ ಚೀಟಿ ಅಲ್ಲೇ ಇತ್ತು, ತೆಗೆದು ನೋಡ್ದೆ. ಛೇದ ಎಕ್ಸ್ ಮೈನಸ್ ಏಳು. ಹೊಡೆದುಹಾಕೋಕೆ ಮುಂಚೆ...' ಅಷ್ಟು ಹೇಳಿ ಅವಳು ನಿಲ್ಲಿಸಿದಳು. ಮುಂದಿನದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅಲ್ಲಿದ್ದವರೆಲ್ಲ ಅದನ್ನು ರಾಗವಾಗಿ ಕಲಿತವರು.

ಆಮೇಲೆ ಯಾರೋ ಮೆಲ್ಲಗೆ, 'ವಯಸ್ಸಾಯ್ತಲ್ಲ ಪಾಪ' ಅಂದರು. 'ಅದಕ್ಕೇ ಬಿಡ್ತೀನಿ ಅಂದಿರಬೇಕು' ಅಂದರು ಇನ್ನೊಬ್ಬರು. ನನ್ನ ಬೆನ್ನ ಹಿಂದೆ ಕುರ್ಚಿ ಕಿರ್ ಅಂದಿತು. ತಿರುಗಿ ನೋಡುವ ಧೈರ್ಯ ನನಗೆ ಬರಲಿಲ್ಲ.

ದೊಡ್ಡತಾಯಮ್ಮ ಒಳಗಿನಿಂದ ರಂಗೋಲಿ ಬಟ್ಟಲು ತಂದಳು. ನನ್ನ ಹೊಸಿಲಿನ ಎದುರು ಕುಕ್ಕರುಗಾಲಲ್ಲಿ ಕೂತು ಆ ದುಂಡು ಹಾಕಿದಳು. ಗತ್ತಿಲ್ಲ, ಏನಿಲ್ಲ, ಕಣ್ಣು ಒರೆಸಿಕೊಂಡು ಹಾಕಿದಳು. ತನ್ನ ಜಗಲಿಯ ಮೇಲೆ ಎರಡು ಚಾಪೆ ಹಾಸಿ, ಹಾರವನ್ನೂ ಶಾಲನ್ನೂ ಒಂದರ ಮೇಲಿಟ್ಟಳು. ಮಧ್ಯಾಹ್ನ ಊರವರಿಗೆಲ್ಲ ಊಟ ಹಾಕುವಾಗ ಆ ಖಾಲಿ ಚಾಪೆಗಳ ಮುಂದೆ ಮೊದಲು ಎಲೆ ಹಾಕಿ ಬಡಿಸಿದಳು. ನಾನು ನೋಡುತ್ತಲೇ ಇದ್ದೆ. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

'ಉಪ್ಪಿಟ್ಟು ಆರೇಹೋಯ್ತು, ನಾವಾದ್ರೂ ತಿನ್ನೋಣ' ಅಂದರು ಮೇಷ್ಟ್ರು. ಬಡಿಸಿದೆ. ಅವರು ತಿಂದರು. ನಾನು ನನ್ನ ತಟ್ಟೆ ಮುಚ್ಚಿಟ್ಟೆ.

'ಸಂಜೆ ನಾನೇ ಹೇಳ್ತೀನಿ' ಅಂದೆ. 'ಎಲ್ಲರ ಎದುರಿಗೂ ಹೇಳ್ತೀನಿ, ನನ್ನಿಂದಲೇ ಅಂತ. ನೀವು ಸುಮ್ನಿರಿ.'

ಅವರು ಕೈ ತೊಳೆಯುತ್ತಾ, 'ನೋಡೋಣ' ಅಂದರು. ನಾನು ಹೇಳೇ ತೀರುತ್ತೇನೆ ಅಂತ ದೇವರ ಮುಂದೆ ಕೂಡ ಅಂದುಕೊಂಡೆ. ಮಾತುಗಳನ್ನೂ ಜೋಡಿಸಿಕೊಂಡೆ.

ದೀಪ ಹಚ್ಚುವ ಹೊತ್ತಿಗೆ ವನಜಾಕ್ಷಿ ಕಲ್ಲು ಒರೆಸಿದಳು. ಬಾಗಿಲ ಹೊರಗಿನ ಗಾಳಿ ಮುಖಕ್ಕೆ ತಾಗಿತು. ಬೀದಿಯಲ್ಲಿ ಎಲ್ಲರೂ ಕಾದು ನಿಂತಿದ್ದರು, ಒಬ್ಬರೂ ಮನೆಗೆ ಹೋಗಿರಲಿಲ್ಲ. ಮೇಷ್ಟ್ರು ಹೊಸಿಲು ದಾಟಿದರು. ಅವರ ಹಿಂದೆ ನಾನು, ರೇಷ್ಮೆ ಸೀರೆಯಲ್ಲಿ. ಎಲ್ಲರೂ ನಮ್ಮನ್ನು ನೋಡುತ್ತಿದ್ದರು. ಇಷ್ಟು ಕಣ್ಣುಗಳ ಮುಂದೆ ಈಗ ಹೇಳಬೇಕು ಅಂತ ನಾನು ಉಸಿರು ಎಳೆದುಕೊಳ್ಳುವಷ್ಟರಲ್ಲಿ ಅವರು ಕೈ ಮುಗಿದು, 'ಮರೆತುಬಿಟ್ಟೆ ಕಣ್ರಪ್ಪಾ. ಷರತ್ತು ಬರೆಯೋದು ಮರೆತುಬಿಟ್ಟೆ. ಕ್ಷಮಿಸಿ' ಅಂದರು.

ಹೇಳಲು ನನಗೆ ಆಗಲೂ ಬೇಕಾದಷ್ಟು ಹೊತ್ತಿತ್ತು. ವನಜಾಕ್ಷಿ ಬಂದು ಕಾಲಿಗೆ ಬಿದ್ದಳು. ಶಾಲು ಹೊದಿಸಿದರು, ಹಾರ ಹಾಕಿದರು. ಎಲ್ಲರೂ ಮರೆವಿನವರ ಜೊತೆ ಮಾತಾಡುವ ಹಾಗೆ ಸ್ವಲ್ಪ ಗಟ್ಟಿಯಾಗಿ, ಬಿಡಿಸಿ ಬಿಡಿಸಿ ಮಾತಾಡಿದರು. 'ಅದಕ್ಕೇನಂತೆ ಮೇಷ್ಟ್ರೇ, ಯಾರಿಗಾದ್ರೂ ಆಗುತ್ತೆ' ಅಂತ ಬೆನ್ನು ಸವರಿದರು. ಅವರು ಎಲ್ಲದಕ್ಕೂ ಹೂಂ ಹೂಂ ಅನ್ನುತ್ತಿದ್ದರು. ನಾನು ಕೇಸರಿಬಾತು ಹಂಚಿದೆ.

ಆಮೇಲೆ ನಾವಿಬ್ಬರೇ ಇದ್ದಾಗ, ಯಾಕೆ ಹಾಗಂದಿರಿ ಅಂತ ಕೇಳಿದೆ. 'ನಿನ್ನ ಹೆಸರು ಹೇಳಿದ್ರೆ ಯಾಕೆ ಅಂತ ಕೇಳ್ತಿದ್ರು. ಆಗ ಆ ಮಾತೂ ಹೇಳಬೇಕಾಗ್ತಿತ್ತು' ಅಂದರು. ಯಾವ ಮಾತು ಅಂತ ನಾನು ಕೇಳಲಿಲ್ಲ.

ವನಜಾಕ್ಷಿ ಮೊದಲಾದರೆ ತಿಂಗಳಿಗೊಮ್ಮೆ ಸ್ಲೇಟು ಹಿಡಿದುಕೊಂಡು ನಮ್ಮ ಮನೆಗೆ ಬರುತ್ತಿದ್ದಳು. ತಾನು ಬೇರೆಯಾಗಿ ಮಾಡಿದ ಲೆಕ್ಕವನ್ನು ಮೇಷ್ಟ್ರದಕ್ಕೆ ಹೋಲಿಸಿ ನೋಡುತ್ತಿದ್ದಳು; ಸನ್ಮಾನದ ಓಡಾಟದಲ್ಲಿ ಆ ಒಂದು ಸಲ ಮಾತ್ರ ತಪ್ಪಿಸಿದ್ದಳು. ಈಗ ಅವಳೇ ಪಾಲಿನವಳು, ಆದರೆ ಮುಂದಿನ ಅಮಾವಾಸ್ಯೆಗೆ ಬರಲಿಲ್ಲ. ಮೇಷ್ಟ್ರು ಮಧ್ಯಾಹ್ನದಿಂದಲೇ ಜಗಲಿಯ ಮೇಲೆ ಕನ್ನಡಕ ಒರೆಸಿಕೊಂಡು ಕೂತಿದ್ದರು. ಡಂಗುರ ಸಾರುವ ಹೊತ್ತಾದಾಗ ನಾವೂ ಎಲ್ಲರಂತೆ ಬಾವಿಯ ಹತ್ತಿರ ಹೋದೆವು. ಅವಳು ಕಲ್ಲಿನ ಮೇಲೆ ಬರೆದು, ಹನ್ನೊಂದನೇ ಮನೆ ಬೀಳುತ್ತದೆ ಅಂದಳು. ಮೇಷ್ಟ್ರು ಕಲ್ಲನ್ನೇ ನೋಡುತ್ತಿದ್ದವರು, ಅಭ್ಯಾಸಬಲದಿಂದ, 'ಮೇಲಿನ ಕೆರೆ ಎಲ್ಲಿ ತನಕ ಮುಟ್ಟುತ್ತೆ ಅಂತ ಮೊದಲು ನೋಡಿದ್ಯೇನಮ್ಮ?' ಅಂತ ಕೇಳಿದರು.

ಜನರೆಲ್ಲ ನಕ್ಕರು. ಕೆಟ್ಟ ನಗುವಲ್ಲ, ಪ್ರೀತಿಯ ನಗುವೇ. 'ಅವಳು ನೋಡಿರ್ತಾಳೆ ಬಿಡಿ ಮೇಷ್ಟ್ರೇ, ಬನ್ನಿ, ಇಲ್ಲಿ ನೆರಳಲ್ಲಿ ಕೂತ್ಕೊಳ್ಳಿ' ಅಂತ ಒಬ್ಬರು ಅವರ ತೋಳು ಹಿಡಿದು ಕಟ್ಟೆಯ ಮೇಲೆ ಕೂರಿಸಿದರು. ಅವರೂ ನಕ್ಕು, ಕೂರಿಸಿದಲ್ಲಿ ಕೂತರು.

ಹೆಂಗಸರ ಗುಂಪಿನಲ್ಲಿ ದೊಡ್ಡತಾಯಮ್ಮ ನನ್ನ ಪಕ್ಕ ನಿಂತಿದ್ದಳು. ನನ್ನ ಕೈಯನ್ನು ತನ್ನ ಕೈಯಲ್ಲಿ ತೆಗೆದುಕೊಂಡು, 'ಇಂಥ ಕಾಲದಲ್ಲಿ ಗಂಡನ್ನ ನೋಡ್ಕೊಳ್ಳೋದು ಸುಲಭ ಅಲ್ಲ ತಿಮ್ಮಾಜಮ್ಮ. ನಿನ್ನ ಹಾಗೆ ತಾಳ್ಮೆ ಇರೋರು ಕಮ್ಮಿ' ಅಂದಳು. ಸುತ್ತಲಿದ್ದ ಹೆಂಗಸರೂ ಹೌದು ಹೌದು ಅಂದರು.

'ಏನ್ ಮಾಡೋದು ತಾಯಮ್ಮ, ನಮ್ಮ ಹಣೆಬರಹ' ಅಂದೆ ನಾನು. ಅನ್ನುತ್ತಾ ಸೆರಗಿನಿಂದ ಕಣ್ಣನ್ನೂ ಒರೆಸಿಕೊಂಡೆ.